ಹಳೆಯ ಕಂಪ್ಯೂಟರಿನ ಹಳೆಯ ವಿಳಾಸ

ಸೆಕೆಂಡ್ ಹ್ಯಾಂಡ್ ಕಂಪ್ಯೂಟರ್ ಕೊಂಡರೆ ಪೆಟ್ಟಿಗೆಯ ಜೊತೆಗೆ ಹಿಂದಿನ ಯಜಮಾನನ ಅಭ್ಯಾಸಗಳೂ ಮನೆಗೆ ಬರುತ್ತವೆ. ಪರದೆಯ ಮೇಲಿನ ಚಿತ್ರವನ್ನು ಯಾರಾದರೂ ಬದಲಿಸುತ್ತಾರೆ. ಒಳಗೆ ಬರೆದಿಟ್ಟ ನೆಟ್‌ವರ್ಕ್ ಸೆಟ್ಟಿಂಗ್ ಮಾತ್ರ ಯಾರ ಕಣ್ಣಿಗೂ ಬೀಳುವುದಿಲ್ಲ.

ನಮ್ಮ ಬೀದಿಯ ಇಸ್ತ್ರಿ ಅಂಗಡಿಯವರು ಹತ್ತನೇ ತರಗತಿಯ ಮಗಳಿಗಾಗಿ 6,500 ರೂಪಾಯಿ ಕೊಟ್ಟು ಅಂಥದೊಂದನ್ನು ತಂದರು. ಯಾವುದೋ ಕಚೇರಿಯಲ್ಲಿ ದುಡಿದು ದಣಿದದ್ದು. ಆನ್ ಮಾಡಿದರೆ ಒಂದು ಲೋಟ ಕಾಫಿ ಕುಡಿದು ಮುಗಿಸುವಷ್ಟು ಹೊತ್ತು ಬೇಕು. ಅದನ್ನು ಸಹಿಸಬಹುದಿತ್ತು, ಆದರೆ ಇಂಟರ್‌ನೆಟ್ ಬರಲೇ ಇಲ್ಲ. ಫೋನಿನಲ್ಲಿ ವಿಚಾರಿಸಿದಾಗ ರಿಪೇರಿಯವರೊಬ್ಬರು ನೋಡದೆಯೇ, “ನೆಟ್‌ವರ್ಕ್ ಕಾರ್ಡ್ ಹೋಗಿದೆ, 1,200 ಆಗುತ್ತೆ” ಎಂದರಂತೆ. ಅಷ್ಟಕ್ಕೆ ಎಷ್ಟು ಬಟ್ಟೆ ಇಸ್ತ್ರಿ ಮಾಡಬೇಕು, ನೀವೇ ಲೆಕ್ಕ ಹಾಕಿ. “ಅರ್ಧ ಬೆಲೆಗಾದರೂ ವಾಪಸ್ ಕೊಟ್ಟುಬಿಡ್ತೀನಿ ಸಾರ್” ಎಂದರು. ಹುಡುಗಿ ತಲೆ ತಗ್ಗಿಸಿ ನಿಂತಿದ್ದಳು. ಅಪ್ಪನ ಮೊಬೈಲ್ ಹಗಲೆಲ್ಲ ಅಂಗಡಿಯಲ್ಲಿರುತ್ತದೆ. ಪರೀಕ್ಷೆಗೆ ಎರಡೇ ತಿಂಗಳಿತ್ತು.

ನಾನು ಎಂಜಿನಿಯರ್ ಅಲ್ಲ, ಬ್ಯಾಂಕಿನ ಗುಮಾಸ್ತ. ಸಂಜೆ ಲೆಕ್ಕ ತಾಳೆಯಾಗದಿದ್ದರೆ ನಾವು ಎಲ್ಲ ಲೆಡ್ಜರುಗಳಿಗೂ ಒಟ್ಟಿಗೆ ಕೈ ಹಾಕುತ್ತಿರಲಿಲ್ಲ. ಒಂದೊಂದನ್ನೇ ನೋಡಿ ಟಿಕ್ ಹಾಕುತ್ತಿದ್ದೆವು. ಭಾನುವಾರ ನಾವಿಬ್ಬರೂ ಒಂದು ನೋಟ್‌ಬುಕ್ ಇಟ್ಟುಕೊಂಡು ಕುಳಿತೆವು. ಏನನ್ನೇ ಬದಲಿಸುವ ಮೊದಲು ಅಲ್ಲಿ ಇದ್ದದ್ದನ್ನು ಬರೆದುಕೊಳ್ಳಬೇಕು, ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು. ನಿಧಾನದ ಕಂಪ್ಯೂಟರಿಗೆ ಇನ್ನೊಂದು ನಿಯಮವೂ ಬೇಕು: ಒಮ್ಮೆ ಕ್ಲಿಕ್ ಮಾಡಿದ ಮೇಲೆ ಪೆಟ್ಟಿಗೆಯ ದೀಪ ಮಿನುಗುವುದು ನಿಲ್ಲುವವರೆಗೆ ಕೈ ಮಡಿಲಲ್ಲಿರಬೇಕು. ಮೇಲಿಂದ ಮೇಲೆ ಒತ್ತಿದರೆ ಅದೇ ಕಿಟಕಿ ಐದು ಸಲ ತೆರೆದು ಇನ್ನಷ್ಟು ತಡ. ಈ ವಿದ್ಯೆಯಲ್ಲಿ ಅಜ್ಜ-ಅಜ್ಜಿಯರೇ ಮುಂದು!

ಅಪ್ಪನ ಮೊಬೈಲಿಗೆ ಅದೇ ಮನೆಯ ವೈಫೈ ಚೆನ್ನಾಗಿ ಬರುತ್ತಿತ್ತು. ಅಂದರೆ ಬೀದಿಯಿಂದ ಬರುವ ಲೈನು ಸರಿ. ಕಂಪ್ಯೂಟರಿನ ಹಿಂದೆ ವೈರ್ ಸಿಕ್ಕಿಸಿದ ಜಾಗದಲ್ಲಿ ಹಸಿರು ದೀಪವೂ ಹತ್ತಿತ್ತು. ಕಾರ್ಡ್ ಪೂರ್ತಿ ಸತ್ತಿದ್ದರೆ ಅದು ಹತ್ತುತ್ತಿರಲಿಲ್ಲ.

ಆಮೇಲೆ ವಿಳಾಸ ನೋಡಿದೆವು. ನೆಟ್‌ವರ್ಕಿಗೆ ಸೇರಿದ ಪ್ರತಿ ಯಂತ್ರಕ್ಕೂ ಮನೆ ನಂಬರಿನಂತೆ ಒಂದು ಐಪಿ ವಿಳಾಸವಿರುತ್ತದೆ: ಚುಕ್ಕೆಗಳ ನಡುವೆ ನಾಲ್ಕು ಸಂಖ್ಯೆ, ಒಂದೊಂದೂ 0ಯಿಂದ 255ರೊಳಗೆ. ಕಪ್ಪು ಪರದೆ ತೆರೆದು ‘ಐಪಿಕಾನ್ಫಿಗ್’ ಎಂದು ಟೈಪ್ ಮಾಡಿದರೆ ಅದು ಕಾಣುತ್ತದೆ. ಇದರದು 10.10.4.57 ಎಂದಿತ್ತು. ಮೊಬೈಲಿನದು 192.168.1.6. ಒಂದೇ ಮನೆಯಲ್ಲಿದ್ದು ಕಂಪ್ಯೂಟರ್ ಇನ್ನೂ ಹಳೆಯ ಕಚೇರಿಯ ಬೀದಿಯಲ್ಲೇ ಇದ್ದೇನೆ ಅಂದುಕೊಂಡಿತ್ತು! ಮನೆಯ ರೂಟರ್ ತಾನೇ ವಿಳಾಸ ಹಂಚುತ್ತದೆ. ಆದರೆ ಕಚೇರಿಯವರು ಕೈಯಾರೆ ಬರೆದಿಟ್ಟಿದ್ದರಿಂದ ಇದು ಕೇಳುತ್ತಲೇ ಇರಲಿಲ್ಲ. ‘ತಾನಾಗಿ ಪಡೆ’ ಎಂಬ ಆಯ್ಕೆಗೆ ಬದಲಿಸಿದೆವು. ವಿಳಾಸ 192.168.1.7 ಆಯಿತು.

ಆದರೂ ಪುಟ ತೆರೆಯಲಿಲ್ಲ. ‘ಪಿಂಗ್ 8.8.8.8’ ಎಂದು ಟೈಪ್ ಮಾಡಿದೆವು. ಇದು ದೂರದ ಯಂತ್ರವೊಂದಕ್ಕೆ ‘ಇದ್ದೀಯಾ?’ ಎಂದು ಕೂಗಿ ಕೇಳಿದಂತೆ. ನಾಲ್ಕು ಸಲವೂ ಉತ್ತರ ಬಂತು. ಸಂಖ್ಯೆ ಹೇಳಿದರೆ ದಾರಿ ಸಿಗುತ್ತದೆ, ಹೆಸರು ಹೇಳಿದರೆ ಸಿಗುವುದಿಲ್ಲ. ಅಲ್ಲಿಗೆ ಕಳ್ಳ ಯಾರೆಂದು ತಿಳಿಯಿತು: ಡಿಎನ್‌ಎಸ್. ಹೆಸರು ಕೊಟ್ಟರೆ ಸಂಖ್ಯೆ ಹುಡುಕಿಕೊಡುವ ಟೆಲಿಫೋನ್ ಡೈರೆಕ್ಟರಿ ಅದು. ಹಿಂದೆ ಎಲ್ಲ ಕಂಪ್ಯೂಟರುಗಳ ಹೆಸರೂ ಅಮೆರಿಕದ ಒಂದು ಸಂಸ್ಥೆಯಲ್ಲಿ ಒಂದೇ ಪಟ್ಟಿಯಲ್ಲಿತ್ತು. ಪಟ್ಟಿ ಬೆಳೆದು ಕೈಮೀರಿದಾಗ, 1983ರಲ್ಲಿ ಪಾಲ್ ಮೊಕಪೆಟ್ರಿಸ್ ಎಂಬವರು ಡಿಎನ್‌ಎಸ್ ರೂಪಿಸಿದರು. ನಮ್ಮ ಕಂಪ್ಯೂಟರ್ ಆ ಕಚೇರಿಯೊಳಗಿನ ಡೈರೆಕ್ಟರಿಯನ್ನೇ ಕೇಳುತ್ತಾ ಕುಳಿತಿತ್ತು. ವಿಳಾಸದ ಆಯ್ಕೆಯ ಕೆಳಗೇ ಡಿಎನ್‌ಎಸ್‌ನದು ಬೇರೆಯಾಗಿರುತ್ತದೆ. ಅದನ್ನೂ ‘ತಾನಾಗಿ’ ಮಾಡಿದೆವು.

ಬ್ರೌಸರ್ ಇನ್ನೂ ಹಟ ಬಿಡಲಿಲ್ಲ. “ತಾತ, ಇಲ್ಲಿ ಪ್ರಾಕ್ಸಿ ಅಂತ ಇದೆ, ಆನ್ ಆಗಿದೆ” ಎಂದು ತೋರಿಸಿದವಳು ಹುಡುಗಿ. ಪ್ರಾಕ್ಸಿ ಎಂದರೆ ಮಧ್ಯವರ್ತಿ. ಎಲ್ಲವೂ ಅವನ ಕೈ ದಾಟಿಯೇ ಹೋಗಬೇಕು. ಆ ಮಧ್ಯವರ್ತಿಯೂ ಹಳೆಯ ಕಚೇರಿಯಲ್ಲೇ ಉಳಿದಿದ್ದ. ಅವಳೇ ಬರೆದುಕೊಂಡು ಆಫ್ ಮಾಡಿದಳು.

ಕೊನೆಗೆ ‘ಈ ಸಂಪರ್ಕ ಸುರಕ್ಷಿತವಲ್ಲ’ ಎಂಬ ಎಚ್ಚರಿಕೆ ಬಂತು. ಮೂಲೆಯ ಗಡಿಯಾರ 2012 ಎನ್ನುತ್ತಿತ್ತು. ಒಳಗಿರುವ ಸಿಆರ್2032 ಎಂಬ ನಾಣ್ಯದಂಥ ಸೆಲ್ ಮುಗಿದಿದ್ದರೆ ಪ್ಲಗ್ ತೆಗೆದಾಗಲೆಲ್ಲ ತಾರೀಖು ಹಿಂದಕ್ಕೆ ಓಡುತ್ತದೆ. ಜಾಲತಾಣಗಳ ಗುರುತುಪತ್ರಗಳಿಗೆ ಅವಧಿ ಇರುವುದರಿಂದ ತಾರೀಖು ತಪ್ಪಿದರೆ ಬ್ರೌಸರ್ ನಂಬುವುದಿಲ್ಲ. ಅವಧಿ ಮೀರಿದ ಚೆಕ್ಕನ್ನು ನಾವು ಹಿಂದಿರುಗಿಸುತ್ತಿದ್ದೆವಲ್ಲ, ಹಾಗೆ. ಸದ್ಯಕ್ಕೆ ತಾರೀಖನ್ನು ಕೈಯಾರೆ ತಿದ್ದಿದೆವು.

ಪರೀಕ್ಷಾ ಮಂಡಳಿಯ ಮಾದರಿ ಪ್ರಶ್ನೆಪತ್ರಿಕೆ ಸಾಲು ಸಾಲಾಗಿ, ಆಮೆಯಂತೆ ಇಳಿಯಿತು. ನೋಡಲು ಅವಳಪ್ಪ ಅಂಗಡಿ ಬಿಟ್ಟು ಓಡಿಬಂದರು. ಕಂಡವರ ಕೈಯಲ್ಲಿದ್ದ ಯಂತ್ರವಾದ್ದರಿಂದ ವಿಂಡೋಸ್ ಹೊಸದಾಗಿ ಹಾಕಿಸುವವರೆಗೆ ಅದರಲ್ಲಿ ಬ್ಯಾಂಕ್ ವ್ಯವಹಾರ ಬೇಡ ಎಂದೆ. ಸೆಲ್ಲನ್ನು ಮರುದಿನ ವಾಚ್ ರಿಪೇರಿ ಅಂಗಡಿಯಿಂದ ತಂದರು, ಐವತ್ತು ರೂಪಾಯಿಯೊಳಗೆ. ಹುಡುಗಿ ನೋಟ್‌ಬುಕ್ಕಿನ ಆ ಹಾಳೆಯನ್ನು ಹರಿದು ಪೆಟ್ಟಿಗೆಯ ಪಕ್ಕಕ್ಕೆ ಅಂಟಿಸಿದ್ದಾಳೆ.