ವೃತ್ತದಲ್ಲಿ ಪ್ರತಿಮೆ: ವಿವಾದದ ಸ್ವರೂಪ

ಮಹಾಪುರುಷರ ಜಯಂತಿಗಳು ಸಮೀಪಿಸಿದಂತೆ ನಾಡಿನ ಅನೇಕ ಊರುಗಳಲ್ಲಿ ಪ್ರತಿಮೆಯ ಬೇಡಿಕೆ ಮೇಲೇಳುತ್ತದೆ. ಯಾರ ಪ್ರತಿಮೆ, ಯಾವ ವೃತ್ತದಲ್ಲಿ ಎಂಬ ಮಾತು ಬಂದೊಡನೆ ನೆರೆಹೊರೆಯವರ ನಡುವೆಯೇ ಬಿಗುವು ತಲೆದೋರುತ್ತದೆ. ದಾವಣಗೆರೆ ಹಾಗೂ ಹರಿಹರದ ಭಕ್ತಬಾಂಧವರು, ವಿಶೇಷವಾಗಿ ಯುವಕರು, ಈ ವಿವಾದದ ಸ್ವರೂಪವನ್ನು ಅರಿತಿರಲೆಂಬ ಆಶಯದಿಂದ ಈ ವಿಚಾರಗಳನ್ನು ಮುಂದಿಡುತ್ತಿದ್ದೇವೆ.

2020ರ ಆಗಸ್ಟ್‌ನಲ್ಲಿ ಬೆಳಗಾವಿ ಸಮೀಪದ ಪೀರನವಾಡಿಯಲ್ಲಿ ಸಂಗೊಳ್ಳಿ ರಾಯಣ್ಣನ ಪ್ರತಿಮೆಯನ್ನು ರಾತ್ರೋರಾತ್ರಿ ನಿಲ್ಲಿಸಲಾಯಿತು. ಅದು ಶಿವಾಜಿ ವೃತ್ತವೆಂದು ಮರಾಠಿ ಭಾಷಿಕರು ಆಕ್ಷೇಪಿಸಿದರು. ಶಿವಾಜಿ ಮಹಾರಾಜರು ತೀರಿಕೊಂಡದ್ದು 1680ರಲ್ಲಿ. ಕಿತ್ತೂರು ರಾಣಿ ಚೆನ್ನಮ್ಮನ ಬಂಟ ರಾಯಣ್ಣನನ್ನು ಬ್ರಿಟಿಷರು ನಂದಗಡದಲ್ಲಿ ಗಲ್ಲಿಗೇರಿಸಿದ್ದು 1831ರಲ್ಲಿ. ಒಂದೂವರೆ ಶತಮಾನದ ಅಂತರವಿರುವ ಈ ವೀರರಿಬ್ಬರ ನಡುವೆ ಹಗೆಯಾದರೂ ಎಲ್ಲಿಂದ ಬರಬೇಕು? ಹಗೆ ಇದ್ದುದು ಗಡಿ ಮತ್ತು ಭಾಷೆಯ ವಿಷಯದಲ್ಲಿ, ಅದೂ ನಮ್ಮ ಕಾಲದ್ದು. ಕೊನೆಗೆ ಉಭಯ ಪಕ್ಷಗಳನ್ನೂ ಕೂರಿಸಿ ಮಾತನಾಡಿಸಿದ ಮೇಲೆ ವೃತ್ತಕ್ಕೆ ಶಿವಾಜಿಯ ಹೆಸರು, ಅಲ್ಲಿಯೇ ರಾಯಣ್ಣನ ಪ್ರತಿಮೆ ಎಂದು ಒಪ್ಪಂದವಾಯಿತು. ಆದರೂ 2021ರ ಡಿಸೆಂಬರ್‌ನಲ್ಲಿ ಬೆಂಗಳೂರಿನ ಶಿವಾಜಿ ಪ್ರತಿಮೆಗೆ ಮಸಿ ಬಳಿದರು, ಬೆಳಗಾವಿಯ ಅನಗೋಳದಲ್ಲಿ ರಾಯಣ್ಣನ ಪ್ರತಿಮೆಯನ್ನು ಭಗ್ನಗೊಳಿಸಿದರು.

ಇದಕ್ಕಿಂತ ದೀರ್ಘವಾದದ್ದು ಬೆಂಗಳೂರಿನ ಹಲಸೂರು ಕೆರೆಯ ಬಳಿಯ ತಿರುವಳ್ಳುವರ್ ಪ್ರತಿಮೆಯ ಪ್ರಕರಣ. 1991ರಲ್ಲಿ ಸಿದ್ಧವಾದ ಪ್ರತಿಮೆ ಹದಿನೆಂಟು ವರ್ಷ ಮುಸುಕಿನೊಳಗೇ ನಿಂತಿತ್ತು. 2009ರ ಆಗಸ್ಟ್ 9ರಂದು ಅದರ ಅನಾವರಣವಾಯಿತು. ನಾಲ್ಕೇ ದಿನಗಳಲ್ಲಿ ಚೆನ್ನೈನಲ್ಲಿ ನಮ್ಮ ಸರ್ವಜ್ಞನ ಪ್ರತಿಮೆಯೂ ಅನಾವರಣಗೊಂಡಿತು. ಕೊಟ್ಟು ಕೊಳ್ಳುವ ಮನಸ್ಸು ಬಂದಾಗ ಬಾಗಿಲು ತೆರೆಯಿತು.

ಇತಿಹಾಸ ಪುರುಷರನ್ನು ‘ನಮ್ಮವರು’, ‘ಅನ್ಯರು’ ಎಂದು ವಿಂಗಡಿಸುವುದು ಎಷ್ಟು ಕಷ್ಟವೆಂಬುದಕ್ಕೆ ದಾವಣಗೆರೆಯೇ ಸಾಕ್ಷಿ. ಹೈದರಾಲಿಯು ಈ ಊರನ್ನು ಆಪೋಜಿರಾಮನೆಂಬ ಮರಾಠಾ ಸರದಾರನಿಗೆ ಜಹಗೀರಾಗಿ ಕೊಟ್ಟನು. ಅವನು ವರ್ತಕರಿಗೆ ಉತ್ತೇಜನ ನೀಡಿ ನೆಲೆಗೊಳಿಸಿದ್ದರಿಂದ ಪೇಟೆ ಬೆಳೆಯಿತು. ಆ ವ್ಯಾಪಾರದಿಂದ ಏಳಿಗೆ ಕಂಡವರಲ್ಲಿ ನಮ್ಮ ಸಮಾಜದವರೂ ಅನೇಕರು. ಹರಿಹರದಲ್ಲಂತೂ ಹೊಯ್ಸಳರ ದಂಡನಾಯಕ ಪೋಲಾಳ್ವನು 1224ರಲ್ಲಿ ಕಟ್ಟಿಸಿದ ಗುಡಿಯ ಮೂರ್ತಿಯಲ್ಲಿ ಬಲಭಾಗ ಹರ, ಎಡಭಾಗ ಹರಿ! ಇಷ್ಟಲಿಂಗವನ್ನು ಅಂಗದ ಮೇಲೆ ಧರಿಸುವ ನಾವೂ ಆ ಶಿಲ್ಪದ ಮುಂದೆ ಒಂದು ಕ್ಷಣ ನಿಂತು ಯೋಚಿಸಬಹುದು.

ಕಾನೂನಿನ ಮಾತು ಸ್ಪಷ್ಟವಾಗಿದೆ. ಸಾರ್ವಜನಿಕ ರಸ್ತೆ, ಪಾದಚಾರಿ ಮಾರ್ಗ ಮತ್ತಿತರ ಸಾರ್ವಜನಿಕ ಬಳಕೆಯ ಸ್ಥಳಗಳಲ್ಲಿ ಪ್ರತಿಮೆ ಸ್ಥಾಪನೆಗೆ ರಾಜ್ಯ ಸರ್ಕಾರಗಳು ಅನುಮತಿ ನೀಡಕೂಡದೆಂದು ಸುಪ್ರೀಂ ಕೋರ್ಟ್ 2013ರ ಜನವರಿ 18ರಂದು ಆದೇಶಿಸಿದೆ. ಆದ್ದರಿಂದ ಯುವಕ ಸಂಘಗಳು ದೇಣಿಗೆ ಸಂಗ್ರಹಕ್ಕೆ ಹೊರಡುವ ಮೊದಲೇ ಮಹಾನಗರ ಪಾಲಿಕೆ ಅಥವಾ ನಗರಸಭೆಯಲ್ಲಿ ಜಾಗದ ಸ್ಥಿತಿಯನ್ನು ವಿಚಾರಿಸತಕ್ಕದ್ದು. ಆ ಬೀದಿಯ ಎಲ್ಲ ಸಮುದಾಯದ ಹಿರಿಯರನ್ನು ಹಗಲಿನಲ್ಲಿಯೇ ಕರೆದು ಕೂಡಿಸತಕ್ಕದ್ದು. ವೃತ್ತದಲ್ಲಿ ಜಾಗ ದೊರೆಯದಿದ್ದರೆ ವಿದ್ಯಾರ್ಥಿನಿಲಯದ ಸ್ವಂತ ಅಂಗಳವಿದೆ, ಗ್ರಂಥಾಲಯಕ್ಕೆ ಆ ಮಹನೀಯರ ಹೆಸರಿಡುವ ದಾರಿಯೂ ಇದೆ.