ಒಂದೇ ಅಲೆ, ಎರಡು ಕೆಲಸ

ಗುಡೇಕೋಟೆ ಕರಡಿಧಾಮ ಇರೋದು ಕೂಡ್ಲಿಗಿ ತಾಲ್ಲೂಕಿನಲ್ಲಿ. ಆ ಭಾಗದಲ್ಲಿ ರಾತ್ರಿ ಕರಡಿ ರಸ್ತೆಗೆ ಬಂದರೆ, ಹೆಡ್‌ಲೈಟ್ ಬೆಳಕಿಗೆ ಬಿದ್ದ ಮೇಲೆಯೇ ಲಾರಿ ಡ್ರೈವರ್‌ಗೆ ಗೊತ್ತಾಗುತ್ತೆ. ಹತ್ತಿರದಲ್ಲಿ ಮೊಬೈಲ್ ಟವರ್ ಇದ್ದರೆ, ಅದರ ಅಲೆ ಅಷ್ಟರೊಳಗೆ ಎಷ್ಟೋ ಸಲ ಕರಡಿಗೆ ತಾಗಿ ವಾಪಸ್ ಬಂದಿರುತ್ತೆ. ಆ ಪ್ರತಿಧ್ವನಿ ಕೇಳೋರಿಲ್ಲ, ಅಷ್ಟೇ. ಟವರೇ ಕೇಳಿಸಿಕೊಂಡರೆ? ಮಾತಿಗೂ ರೇಡಾರ್‌ಗೂ ಒಂದೇ ಸಿಗ್ನಲ್ ಬಳಸೋ ಈ ತಂತ್ರದ ಹೆಸರು ಐಸ್ಯಾಕ್. ಐಟಿಯು 2023ರಲ್ಲಿ ಒಪ್ಪಿದ 6ಜಿ ಚೌಕಟ್ಟಿನ ಆರು ಬಳಕೆಗಳಲ್ಲಿ ಇದೂ ಒಂದು.

ಲೆಕ್ಕ ನಮಗೆ ಗೊತ್ತಿರೋದೇ. ಪ್ರತಿಧ್ವನಿ 1 ಮೈಕ್ರೋಸೆಕೆಂಡ್ ತಡವಾದರೆ ವಸ್ತು 150 ಮೀಟರ್ ದೂರದಲ್ಲಿದೆ. ಗಂಟೆಗೆ 72 ಕಿ.ಮೀ. ವೇಗದ ಲಾರಿ ನೇರ ಟವರ್ ಕಡೆ ಬಂದರೆ, 3.5 ಗಿಗಾಹರ್ಟ್ಸ್‌ನಲ್ಲಿ ಡಾಪ್ಲರ್ ಸುಮಾರು 467 ಹರ್ಟ್ಸ್. ಬ್ಯಾಂಡ್‌ವಿಡ್ತ್ 100 ಮೆಗಾಹರ್ಟ್ಸ್ ಇದ್ದರೆ, ದೂರದಲ್ಲಿ 1.5 ಮೀಟರ್ ವ್ಯತ್ಯಾಸವಿರುವ ಎರಡು ವಸ್ತುಗಳನ್ನು ಬೇರೆಬೇರೆ ಗುರುತಿಸಬಹುದು.

ಹಾಗಾದರೆ ತೊಡಕೆಲ್ಲಿ? ರೇಡಾರ್‌ಗೆ ಏರಿಳಿತವಿಲ್ಲದ, ಮೊದಲೇ ಗೊತ್ತಿರುವ ಅಲೆ ಇಷ್ಟ. ಸಂವಹನದ್ದು ಉಲ್ಟಾ. ಮುಂದೇನು ಬರುತ್ತೆ ಅಂತ ಮೊದಲೇ ಗೊತ್ತಿದ್ದರೆ ಅದರಲ್ಲಿ ಮಾಹಿತಿಯೇ ಇಲ್ಲ.

ಆದರೆ ಒಂದು ಉಪಾಯವಿದೆ. ಡೇಟಾ ಹೊಸದಾಗಿರೋದು ಫೋನಿಗೆ. ಕಳಿಸಿದ ಟವರ್‌ಗೆ ಅದು ಗೊತ್ತೇ ಇರುತ್ತೆ. ಓಎಫ್‌ಡಿಎಂನಲ್ಲಿ ವಾಪಸ್ ಬಂದ ಸಿಂಬಲ್ಲನ್ನು ಕಳಿಸಿದ ಸಿಂಬಲ್‌ನಿಂದ ಭಾಗಿಸಿದರೆ ಡೇಟಾ ಕಳಚಿ, ಚಾನೆಲ್ ಮಾತ್ರ ಉಳಿಯುತ್ತೆ. ಸಬ್‌ಕ್ಯಾರಿಯರ್‌ಗಳ ಮೇಲೆ ಇನ್ವರ್ಸ್ ಎಫ್‌ಎಫ್‌ಟಿ ಮಾಡಿದರೆ ದೂರ ಸಿಗುತ್ತೆ, ಸಾಲಾಗಿ ಬಂದ ಸಿಂಬಲ್‌ಗಳ ಮೇಲೆ ಎಫ್‌ಎಫ್‌ಟಿ ಮಾಡಿದರೆ ವೇಗ.

ಇದಕ್ಕೆ ಬೆಲೆ ತೆರಬೇಕು. ಕ್ಯೂಪಿಎಸ್‌ಕೆಯಲ್ಲಿ ಎಲ್ಲ ಸಿಂಬಲ್‌ಗಳ ಆಂಪ್ಲಿಟ್ಯೂಡ್ ಒಂದೇ, ಭಾಗಾಕಾರ ಸಲೀಸು; ಆದರೆ ಸಿಂಬಲ್‌ಗೆ 2 ಬಿಟ್ ಮಾತ್ರ. 256-ಕ್ಯೂಎಎಂನಲ್ಲಿ 8 ಬಿಟ್ ಸಿಗುತ್ತೆ. ಆದರೆ ಚಿಕ್ಕ ಆಂಪ್ಲಿಟ್ಯೂಡ್‌ನಿಂದ ಭಾಗಿಸಿದಾಗ ನಾಯ್ಸ್ ಉಬ್ಬಿ, ಕರಡಿಯ ಕ್ಷೀಣ ಪ್ರತಿಧ್ವನಿ ಅದರಲ್ಲಿ ಮುಳುಗಿಹೋಗಬಹುದು. ಮೇಲಾಗಿ, ಟವರ್ ತಾನು ಕೂಗುತ್ತಲೇ ಪಿಸುಮಾತು ಕೇಳಿಸಿಕೊಳ್ಳಬೇಕು.

ಡಾಪ್ಲರ್ ಹೆಚ್ಚಾದರೆ ಓಎಫ್‌ಡಿಎಂ ಸಬ್‌ಕ್ಯಾರಿಯರ್‌ಗಳು ಒಂದರೊಳಗೊಂದು ಸೋರುತ್ತವೆ. ಅದಕ್ಕೇ ಡೇಟಾವನ್ನು ವಿಳಂಬ-ಡಾಪ್ಲರ್ ಗ್ರಿಡ್ ಮೇಲೆ ಕೂರಿಸುವ ಓಟಿಎಫ್‌ಎಸ್ ಬಂತು. ಸಂವಹನ, ರೇಡಾರ್ ಎರಡಕ್ಕೂ ಅದರ ಗಣಿತದ ಬುನಾದಿ ವಿವರಿಸುವ 2022ರ ಪ್ರಬಂಧದ ಸಹಲೇಖಕರಲ್ಲಿ ಬೆಂಗಳೂರಿನ ಐಐಎಸ್‌ಸಿಯ ಎ. ಚೊಕ್ಕಲಿಂಗಂ ಒಬ್ಬರು.

ಕೊಟ್ಟೂರೇಶ್ವರ ತೇರಿನ ದಿನ ಜನರಿಗೆ ಬೇಕಾಗಿರೋದು ಬಿಟ್‌ಗಳು. ಕೂಡ್ಲಿಗಿಯ ಕಾಡುರಸ್ತೆಗೆ ನಡುರಾತ್ರಿ ಬೇಕಾಗಿರೋದು ಕಣ್ಣು. ಯಾವಾಗ, ಯಾರಿಗೆ, ಎಷ್ಟು ಪಾಲು? ಸಿಗ್ನಲ್ ಡಿಸೈನ್ ಅಂದರೆ ಈ ಹಂಚಿಕೆಯೇ.