ಹೋಮ್ ರನ್ ಮತ್ತು ಬೆದರಿಕೆ ಪತ್ರಗಳು

ಕ್ರಿಕೆಟ್‌ಗೆ ಸಿಕ್ಸರ್ ಹೇಗೋ ಬೇಸ್‌ಬಾಲ್‌ಗೆ ಹೋಮ್ ರನ್ ಹಾಗೆ. ಅಮೆರಿಕದಲ್ಲಿ ಬೇಬ್ ರೂತ್ ಹೊಡೆದಿದ್ದ 714 ಹೋಮ್ ರನ್‌ಗಳ ದಾಖಲೆ ದಶಕಗಳ ಕಾಲ ಅಲುಗಾಡಿರಲಿಲ್ಲ. 1973ರ ಕೊನೆಗೆ ಹ್ಯಾಂಕ್ ಆರನ್ 713ಕ್ಕೆ ಬಂದು ನಿಂತ. ಅಲಬಾಮಾದ ಬಡ ಕಪ್ಪು ಕುಟುಂಬದ ಈ ಹುಡುಗ ಚಿಕ್ಕಂದಿನಲ್ಲಿ ಕೋಲಿನಿಂದ ಬಾಟಲಿ ಮುಚ್ಚಳ ಹೊಡೆದು ಆಟ ಕಲಿತವನು. ಬಿಳಿಯನ ದಾಖಲೆ ಮುರಿದರೆ ಕೊಲ್ಲುತ್ತೇವೆಂಬ ಪತ್ರಗಳು ರಾಶಿ ಬಿದ್ದವು. ಕಾಲೇಜಿನಲ್ಲಿದ್ದ ಮಗಳಿಗೂ ಕಾವಲು ಬೇಕಾಯಿತು! ಆರನ್ ಆಟ ಬಿಡಲಿಲ್ಲ. 1974ರ ಏಪ್ರಿಲ್ 8ರಂದು ಅಟ್ಲಾಂಟಾದಲ್ಲಿ 715ನೆಯದನ್ನು ಬಾರಿಸಿದಾಗ ತಾಯಿ ಮೈದಾನಕ್ಕೇ ಬಂದು ಮಗನನ್ನು ಬಿಗಿದಪ್ಪಿದರು. ಒಂದೇ ವರ್ಷದಲ್ಲಿ ಐವತ್ತು ಹೋಮ್ ರನ್ ಅವನು ಎಂದೂ ಹೊಡೆದವನಲ್ಲ. 23 ವರ್ಷ ಬಿಡದೆ ಆಡಿದ್ದರಿಂದಲೇ ಲೆಕ್ಕ 755 ಮುಟ್ಟಿತು. ಆ ಪತ್ರಗಳನ್ನೋ, ಹರಿದೆಸೆಯದೆ ಜೋಪಾನವಾಗಿ ಇಟ್ಟುಕೊಂಡಿದ್ದ.